ಎದುರಾಳಿಯೇ ಇಲ್ಲದ ಗ್ಯಾಲರಿ

ಎಲ್ಲರಿಗೂ ನಮಸ್ಕಾರ. ದೇಶ ದೇಶಗಳ ಜಗಳ ಫುಟ್‌ಬಾಲ್ ಗ್ಯಾಲರಿಗೆ ಹೇಗೆ ಬಂದು ಕೂರುತ್ತದೆ ಅನ್ನೋದರ ಬಗ್ಗೆ ಮಾತಾಡಿ ಅಂದಿದ್ದಾರೆ. ವಿಷಯ ದೊಡ್ಡದು. ದೊಡ್ಡದಾಗಿಯೇ ಶುರು ಮಾಡಿದರೆ ನಿಮಗೂ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಅದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಶುರು ಮಾಡುತ್ತೇನೆ.

2014ರ ಅಕ್ಟೋಬರ್ 14. ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಸ್ಟೇಡಿಯಂ. ಯೂರೋಪಿನ ದೇಶಗಳ ಟೂರ್ನಿ ಯೂರೋ 2016ರ ಅರ್ಹತಾ ಪಂದ್ಯ, ಸರ್ಬಿಯಾ ಮತ್ತು ಅಲ್ಬೇನಿಯಾ ನಡುವೆ. ಇವರಿಬ್ಬರ ಮಧ್ಯೆ ಕೊಸೊವೊ ಇದೆ, ಹಿಂದೆ ಸರ್ಬಿಯಾದ ಭಾಗವಾಗಿದ್ದ, ಬಹುಪಾಲು ಅಲ್ಬೇನಿಯನ್ ಜನರೇ ಇರುವ ನಾಡು. 1998-99ರ ಯುದ್ಧ ಇದೆ, 2008ರಲ್ಲಿ ಕೊಸೊವೊ ಸ್ವತಂತ್ರ ಅಂತ ಘೋಷಿಸಿಕೊಂಡದ್ದು ಇದೆ, ಅದನ್ನು ಸರ್ಬಿಯಾ ಇವತ್ತಿಗೂ ಒಪ್ಪದೆ ಇರೋದೂ ಇದೆ. ಗಲಾಟೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅಲ್ಬೇನಿಯಾದ ಅಭಿಮಾನಿಗಳು ಬರೋದೇ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಪೊಲೀಸರು ಸಾಲುಸಾಲಾಗಿ ನಿಂತಿದ್ದರು. ಎಲ್ಲಾ ಗೇಟೂ ಭದ್ರ.

ಬಂದದ್ದು ಆಕಾಶದಿಂದ. ಮೊದಲರ್ಧ ಮುಗಿಯಲು ಕೆಲವೇ ನಿಮಿಷ ಇತ್ತು, ಇನ್ನೂ ಗೋಲ್ ಇಲ್ಲ. ಒಂದು ಸಣ್ಣ ಡ್ರೋನ್ ಮೆಲ್ಲಗೆ ಮೈದಾನದ ಮೇಲೆ ಇಳಿಯುತ್ತಾ ಬಂತು. ಅದರ ಕೆಳಗೆ ಒಂದು ಬಾವುಟ ತೂಗಾಡುತ್ತಿತ್ತು. ಅದರಲ್ಲಿ ಅಕ್ಕಪಕ್ಕದ ಅಲ್ಬೇನಿಯನ್ ಜನರ ಜಾಗಗಳನ್ನೂ ಸೇರಿಸಿಕೊಂಡ 'ಮಹಾ ಅಲ್ಬೇನಿಯಾ'ದ ನಕ್ಷೆ, 1912ರ ಸ್ವಾತಂತ್ರ್ಯದ ಕಾಲದ ಇಬ್ಬರು ನಾಯಕರ ಚಿತ್ರ. ಸರ್ಬಿಯಾದ ಸ್ಟೆಫಾನ್ ಮಿತ್ರೋವಿಚ್ ಕೈಚಾಚಿ ಅದನ್ನು ಎಳೆದುಕೊಂಡ. ಅಲ್ಬೇನಿಯಾದ ಆಟಗಾರರು ಅದನ್ನು ಕಿತ್ತುಕೊಳ್ಳಲು ಓಡಿ ಬಂದರು. ಎರಡು ನಿಮಿಷ ಆಗಿರಲಿಲ್ಲ, ಜನ ಗ್ಯಾಲರಿಯಿಂದ ಧುಮುಕಿದರು. ಅವರಲ್ಲೊಬ್ಬ ಮೈದಾನದ ಪಕ್ಕ ಇದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು ಅಲ್ಬೇನಿಯಾದ ಬೆಕಿಮ್ ಬಲಾಯ್‌ಗೆ ಬೀಸಿ ಹೊಡೆದ. ಅಲ್ಬೇನಿಯಾದ ನಾಯಕ ಲೋರಿಕ್ ಚಾನಾ ಆ ಮನುಷ್ಯನನ್ನು ಹಿಡಿದು ನೆಲಕ್ಕೆ ಕೆಡವಿದ. ಡ್ರೆಸ್ಸಿಂಗ್ ರೂಮಿಗೆ ಹೋಗುವ ಸುರಂಗದ ಕಡೆ ಓಡುತ್ತಿದ್ದ ಆಟಗಾರರ ಮೇಲೆ ಕೈಗೆ ಸಿಕ್ಕಿದ್ದೆಲ್ಲ ಬಿತ್ತು. ಇದನ್ನೂ ಹೇಳಲೇಬೇಕು, ಆಗ ಸರ್ಬಿಯಾದ ಕೆಲವು ಆಟಗಾರರೇ ಅಲ್ಬೇನಿಯಾದವರಿಗೆ ಅಡ್ಡವಾಗಿ ನಿಂತರು.

ರೆಫರಿ ಇಂಗ್ಲೆಂಡಿನ ಮಾರ್ಟಿನ್ ಅಟ್ಕಿನ್ಸನ್. ಪಂದ್ಯ ಅಲ್ಲಿಗೇ ನಿಂತಿತು.

ಈಗ ನನಗೆ ಅನಿಸಿದ್ದು ಹೇಳುತ್ತೇನೆ. ಅವತ್ತು ಗೇಟಿನಲ್ಲಿ ತಡೆದದ್ದು ಅಲ್ಬೇನಿಯಾದ ಅಭಿಮಾನಿಗಳನ್ನು, ಜಗಳವನ್ನಲ್ಲ. ಜಗಳ ಒಳಗಡೆ ಟಿಕೆಟ್ ತಗೊಂಡು ಆರಾಮಾಗಿ ಕೂತಿತ್ತು. ಎದುರಾಳಿ ಕಡೆಯವರು ಒಬ್ಬರೂ ಇಲ್ಲದ ಗ್ಯಾಲರಿ ಶಾಂತವಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ನನಗೆ ಕಂಡಂತೆ ಹಾಗಲ್ಲ. ಆ ಕಡೆಯವರು ನಾಲ್ಕು ಸಾವಿರ ಜನ ಎದುರು ಮೂಲೆಯಲ್ಲಿ ಕೂತಿದ್ದರೆ ಅವರಲ್ಲಿ ಮುದುಕರು, ಮಕ್ಕಳು, ಮಳೆಗೆ ನೆನೆದು ನಡುಗುವವರು ಕಾಣುತ್ತಾರೆ. ಯಾರೂ ಇಲ್ಲದಿದ್ದರೆ ಕಾಣೋದು ನಕ್ಷೆ ಮಾತ್ರ. ನಕ್ಷೆಯನ್ನು ದ್ವೇಷಿಸೋದು ಬಹಳ ಸುಲಭ.

ಆಮೇಲಿನ ಕತೆಯೂ ತಮಾಷೆಯದೇ. ಯೂರೋಪಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಯುಇಎಫ್‌ಎ ಮೊದಲು ಸರ್ಬಿಯಾಕ್ಕೆ 3-0 ಗೆಲುವು ಕೊಟ್ಟು, ಅದೇ ಉಸಿರಿನಲ್ಲಿ ಮೂರು ಅಂಕ ಕಿತ್ತುಕೊಂಡಿತು. ಅಲ್ಬೇನಿಯಾ ಆಡಲು ಒಪ್ಪಲಿಲ್ಲ ಅನ್ನೋದು ಅವರ ವಾದ. ಕ್ರೀಡಾ ನ್ಯಾಯಮಂಡಳಿ 2015ರ ಜುಲೈನಲ್ಲಿ ಇದನ್ನು ತಿರುಗಿಸಿ ಹಾಕಿತು. ಆಟಗಾರರ ಮೇಲೆ ಹಲ್ಲೆ ಆಗಿದೆ, ರಕ್ಷಣೆ ಕೊಡೋದು ಆತಿಥೇಯರ ಕೆಲಸ ಅಂತ ಹೇಳಿ 3-0 ಗೆಲುವನ್ನು ಅಲ್ಬೇನಿಯಾಕ್ಕೆ ಕೊಟ್ಟಿತು. ಸರ್ಬಿಯಾ ಕಳೆದುಕೊಂಡ ಮೂರು ಅಂಕ ವಾಪಸ್ ಬರಲಿಲ್ಲ. ಅಲ್ಬೇನಿಯಾ ಯೂರೋಗೆ ಹೋಯಿತು, ಅದು ಅವರ ಮೊಟ್ಟಮೊದಲ ದೊಡ್ಡ ಟೂರ್ನಿ. ಅಲ್ಬೇನಿಯಾದ ಪ್ರಧಾನಿ ಎಡಿ ರಾಮಾ ಅದೇ ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡ್‌ಗೆ ಹೋಗಬೇಕಿತ್ತು. 68 ವರ್ಷದಲ್ಲಿ ಅಂಥ ಮೊದಲ ಭೇಟಿ. ಈ ಗಲಾಟೆಯಿಂದ ಅದು ನವೆಂಬರ್‌ಗೆ ಹೋಯಿತು. ಒಂದು ಡ್ರೋನ್, ಒಂದು ಬಾವುಟ, ಮೂರು ವಾರ ತಡ.

ಆ ಬಾವುಟಕ್ಕಾಗಿ ಓಡಿದ ಅಲ್ಬೇನಿಯಾ ಆಟಗಾರರಲ್ಲಿ ಒಬ್ಬ ತೌಲಾಂತ್ ಜಾಕಾ. ಹೆಸರು ಎಲ್ಲೋ ಕೇಳಿದಂತಿದೆ ಅನಿಸುತ್ತಿದೆಯಾ? ಇವನ ತಮ್ಮ ಗ್ರಾನಿತ್ ಜಾಕಾ, ಸ್ವಿಟ್ಜರ್‌ಲೆಂಡ್ ಆಟಗಾರ. ಕೊಸೊವೊದಿಂದ ಬಂದ ಕುಟುಂಬ. ಇವರ ತಂದೆ ಯುಗೊಸ್ಲಾವಿಯಾ ಕಾಲದಲ್ಲಿ ಪ್ರತಿಭಟನೆಗೆ ಹೋಗಿ ಮೂರೂವರೆ ವರ್ಷ ಜೈಲಿನಲ್ಲಿದ್ದವರು. 2016ರ ಯೂರೋದಲ್ಲಿ ಅಣ್ಣ ಅಲ್ಬೇನಿಯಾ ಕಡೆ, ತಮ್ಮ ಸ್ವಿಟ್ಜರ್‌ಲೆಂಡ್ ಕಡೆ, ಇಬ್ಬರೂ ಫ್ರಾನ್ಸಿನ ಲೆನ್ಸ್‌ನಲ್ಲಿ ಎದುರುಬದುರು ಆಡಿದರು. ತಾಯಿ ಗ್ಯಾಲರಿಯಲ್ಲಿದ್ದರು. ಅರ್ಧ ಅಲ್ಬೇನಿಯಾ, ಅರ್ಧ ಸ್ವಿಟ್ಜರ್‌ಲೆಂಡ್ ಇರುವ ಟೀಶರ್ಟ್ ಹಾಕಿಕೊಂಡು ಕೂತಿದ್ದರು.

ಎರಡು ವರ್ಷ ಬಿಟ್ಟು, 2018ರ ವಿಶ್ವಕಪ್, ಕಲಿನಿನ್‌ಗ್ರಾಡ್. ಸ್ವಿಟ್ಜರ್‌ಲೆಂಡ್ ಎದುರು ಸರ್ಬಿಯಾ. ಗ್ಯಾಲರಿಯಲ್ಲಿ ಸರ್ಬಿಯಾದವರು ಜಾಸ್ತಿ. ಗ್ರಾನಿತ್ ಜಾಕಾ ಮತ್ತು ಅವನಂತೆಯೇ ಕೊಸೊವೊ ಮೂಲದ ಜೆರ್ದಾನ್ ಶಕೀರಿಗೆ ಚೆಂಡು ಸಿಕ್ಕಾಗಲೆಲ್ಲ ಕೂಗು, ಶಿಳ್ಳೆ. ಇಬ್ಬರೂ ಗೋಲ್ ಹೊಡೆದರು. ಇಬ್ಬರೂ ಎರಡು ಕೈ ಅಡ್ಡ ಹಿಡಿದು, ಹೆಬ್ಬೆರಳು ಸೇರಿಸಿ, ಅಲ್ಬೇನಿಯಾ ಬಾವುಟದ ಎರಡು ತಲೆಯ ಹದ್ದನ್ನು ಮಾಡಿ ತೋರಿಸಿದರು. ಫಿಫಾ ಇಬ್ಬರಿಗೂ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಆಡುತ್ತಿದ್ದದ್ದು ಸ್ವಿಟ್ಜರ್‌ಲೆಂಡ್, ನಡೆಯುತ್ತಿದ್ದದ್ದು ಕೊಸೊವೊ. ಶಕೀರಿಯ ಬೂಟಿನ ಹಿಂಬದಿಯಲ್ಲಿ ಒಂದರ ಮೇಲೆ ಸ್ವಿಸ್ ಬಾವುಟ, ಇನ್ನೊಂದರ ಮೇಲೆ ಕೊಸೊವೊ ಬಾವುಟ. ತಪ್ಪು ಅಂತೀರೋ ಸರಿ ಅಂತೀರೋ, ನಿಮಗೆ ಬಿಟ್ಟದ್ದು. ನನಗಂತೂ ತೊಂಬತ್ತು ನಿಮಿಷ ಬೈಗುಳ ಕೇಳಿದ ಮನುಷ್ಯ ಕೈಯಲ್ಲಿ ಹಕ್ಕಿ ಮಾಡಿದ್ದು ದೊಡ್ಡ ಅಪರಾಧ ಅನಿಸಲಿಲ್ಲ. ಆದರೆ ಮನೆಯಲ್ಲಿ ಟಿವಿ ಮುಂದೆ ಕೂತ ಸರ್ಬಿಯಾದ ಹುಡುಗನಿಗೆ ಅದು ಬರೀ ಹಕ್ಕಿ ಆಗಿರಲಿಲ್ಲ ಅನ್ನೋದೂ ನಿಜ.

ಆಡದೇ ಇರುವ ದೇಶ ಗ್ಯಾಲರಿಗೆ ಬರುವುದು ಇನ್ನೂ ವಿಚಿತ್ರ. 2024ರ ನವೆಂಬರ್ 15, ಬುಕಾರೆಸ್ಟ್, ರೊಮೇನಿಯಾ ಮತ್ತು ಕೊಸೊವೊ. ರೊಮೇನಿಯಾ ಕೂಡ ಕೊಸೊವೊವನ್ನು ದೇಶ ಅಂತ ಒಪ್ಪಿಲ್ಲ. ಗ್ಯಾಲರಿಯಿಂದ "ಸರ್ಬಿಯಾ, ಸರ್ಬಿಯಾ" ಅಂತ ಕೂಗು. ಅವತ್ತು ಆ ಮೈದಾನದಲ್ಲಿ ಸರ್ಬಿಯಾ ಆಡುತ್ತಲೇ ಇರಲಿಲ್ಲ! ಪಂದ್ಯದ ಕೊನೇ ಕ್ಷಣಗಳಲ್ಲಿ, 0-0 ಇದ್ದಾಗ, ಕೊಸೊವೊ ಆಟಗಾರರು ಹೊರಟು ಹೋದರು, ವಾಪಸ್ ಬರಲಿಲ್ಲ. ತೀರ್ಪು ರೊಮೇನಿಯಾ ಪರ, 3-0. ಅಭಿಮಾನಿಗಳ ಕೂಗಿಗೆ ರೊಮೇನಿಯಾಕ್ಕೂ ದಂಡ ಬಿತ್ತು, ಆದರೆ ಅಂಕ ಅವರದೇ. ಬೆಲ್‌ಗ್ರೇಡ್ ತೀರ್ಪಿನ ಪಕ್ಕ ಇದನ್ನು ಇಟ್ಟು ನೋಡಿ. ಅಂಕದ ಲೆಕ್ಕದಲ್ಲಿ ನಿಯಮ ಕೇಳೋದು ಯಾರು ಕೂಗಿದರು ಅಂತಲ್ಲ, ಯಾರು ಮೈದಾನ ಬಿಟ್ಟರು ಅಂತ. ಪೆಟ್ಟು ತಿಂದು ಬಿಟ್ಟರೆ ಒಂದು ಲೆಕ್ಕ, ಮಾತು ಕೇಳಿ ಬಿಟ್ಟರೆ ಇನ್ನೊಂದು ಲೆಕ್ಕ.

ಇನ್ನು ಎಲ್ಲರೂ ಹೇಳುವ ಆ ಹಳೇ ಕತೆ. 1969ರ 'ಫುಟ್‌ಬಾಲ್ ಯುದ್ಧ'. ಹೊಂಡುರಾಸ್ ಮತ್ತು ಎಲ್ ಸಾಲ್ವಡೋರ್ ಒಂದು ಮ್ಯಾಚಿಗಾಗಿ ಯುದ್ಧ ಮಾಡಿದವು, ಎಂಥ ಹುಚ್ಚು ಜನ ನೋಡಿ ಅಂತ ನಗುತ್ತಾರೆ. ನನಗೆ ಇದು ಕೇಳಿದಾಗೆಲ್ಲ ಸಿಟ್ಟು ಬರುತ್ತದೆ. ಎಲ್ ಸಾಲ್ವಡೋರ್ ಹೊಂಡುರಾಸ್‌ನ ಐದನೇ ಒಂದು ಭಾಗದಷ್ಟು ಪುಟ್ಟ ದೇಶ, ಜನ ಮಾತ್ರ ಜಾಸ್ತಿ. ಜಮೀನು ಕೆಲವೇ ಮನೆತನಗಳ ಕೈಯಲ್ಲಿ. ಹಾಗಾಗಿ ಸುಮಾರು 3 ಲಕ್ಷ ಜನ ಗಡಿ ದಾಟಿ ಹೊಂಡುರಾಸ್‌ನಲ್ಲಿ ಕಾಡು ಕಡಿದು ಉಳುಮೆ ಮಾಡಿಕೊಂಡಿದ್ದರು. ಹೊಂಡುರಾಸ್ ಸರ್ಕಾರಕ್ಕೆ ತನ್ನ ರೈತರಿಗೆ ಜಮೀನು ಕೊಡಬೇಕಿತ್ತು. ದೊಡ್ಡ ಜಮೀನ್ದಾರರನ್ನು ಮುಟ್ಟುವ ಧೈರ್ಯ ಇರಲಿಲ್ಲ. ಸರಿ, ಹೊರಗಿನಿಂದ ಬಂದವರನ್ನು ಎಬ್ಬಿಸಿ ಓಡಿಸಲು ಶುರು ಮಾಡಿತು. ಗಂಟುಮೂಟೆ ಹೊತ್ತ ಕುಟುಂಬಗಳು ಎಲ್ ಸಾಲ್ವಡೋರ್‌ಗೆ ವಾಪಸ್ ಬರುತ್ತಿದ್ದ ಹೊತ್ತಿಗೇ ವಿಶ್ವಕಪ್ ಅರ್ಹತಾ ಪಂದ್ಯ ಬಂತು.

ಜೂನ್ 8ರಂದು ತೆಗುಸಿಗಲ್ಪಾದಲ್ಲಿ ಹೊಂಡುರಾಸ್ 1-0. ಹಿಂದಿನ ರಾತ್ರಿ ಎಲ್ ಸಾಲ್ವಡೋರ್ ಆಟಗಾರರಿದ್ದ ಹೋಟೆಲ್ ಸುತ್ತ ಜನ ಸೇರಿ ಬೆಳಗಿನ ತನಕ ಗದ್ದಲ ಮಾಡಿ ಅವರಿಗೆ ಕಣ್ಣು ಮುಚ್ಚಲು ಬಿಡಲಿಲ್ಲ. ಒಂದು ವಾರ ಆದ ಮೇಲೆ ಸಾನ್ ಸಾಲ್ವಡೋರ್‌ನಲ್ಲಿ ಅದಕ್ಕೆ ಬಡ್ಡಿ ಸಮೇತ ವಾಪಸ್, ಎಲ್ ಸಾಲ್ವಡೋರ್ 3-0. ಮೂರನೇ ಪಂದ್ಯ ಮೆಕ್ಸಿಕೋ ಸಿಟಿಯಲ್ಲಿ, ಜೂನ್ 27, ಹೆಚ್ಚುವರಿ ಸಮಯದಲ್ಲಿ ಎಲ್ ಸಾಲ್ವಡೋರ್ 3-2. ಇಲ್ಲೊಂದು ತಾರೀಕು ನೋಡಿ. ಎಲ್ ಸಾಲ್ವಡೋರ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡದ್ದು ಜೂನ್ 26ರಂದು. ಅಂದರೆ ಆ ಕೊನೇ ಪಂದ್ಯಕ್ಕೆ ಒಂದು ದಿನ ಮುಂಚೆ. ಗೋಲ್ ಬೀಳುವ ಮೊದಲೇ ಕಡತಕ್ಕೆ ಸಹಿ ಬಿದ್ದಿತ್ತು. ಜುಲೈ 14ಕ್ಕೆ ಸೇನೆ ಗಡಿ ದಾಟಿತು. ಸುಮಾರು ನೂರು ಗಂಟೆಯ ಯುದ್ಧ, ಸಾವಿರಾರು ಸಾವು. ಶಾಂತಿ ಒಪ್ಪಂದ ಆಗಿದ್ದು 1980ರಲ್ಲಿ. ಆ ಪಂದ್ಯ ಗೆದ್ದ ಎಲ್ ಸಾಲ್ವಡೋರ್ 1970ರ ವಿಶ್ವಕಪ್‌ಗೆ ಹೋಗಿ ಮೂರೂ ಪಂದ್ಯ ಸೋತಿತು, ಒಂದೇ ಒಂದು ಗೋಲ್ ಹೊಡೆಯಲಿಲ್ಲ. ಜಮೀನಿನ ಜಗಳಕ್ಕೆ ಫುಟ್‌ಬಾಲ್ ಹೆಸರಿಟ್ಟವರಿಗೆ ಜಮೀನ್ದಾರರು ಧನ್ಯವಾದ ಹೇಳಬೇಕು.

ನಲವತ್ತು ವರ್ಷ ಆದ ಮೇಲೆ, ಕೈರೋ. 2009ರ ನವೆಂಬರ್ 12ರಂದು, ಈಜಿಪ್ಟ್ ಎದುರು ವಿಶ್ವಕಪ್ ಅರ್ಹತಾ ಪಂದ್ಯ ಆಡಲು ಬಂದಿದ್ದ ಅಲ್ಜೀರಿಯಾ ತಂಡದ ಬಸ್ಸಿಗೆ ಕಲ್ಲು ಬಿತ್ತು. ಆಟಗಾರರ ತಲೆಯಲ್ಲಿ ರಕ್ತ. ಈಜಿಪ್ಟ್‌ನ ಕೆಲವು ಮಾಧ್ಯಮಗಳು ಏನಂದವು ಗೊತ್ತಾ? ಅಲ್ಜೀರಿಯಾದವರು ಒಳಗಿನಿಂದ ತಾವೇ ಗಾಜು ಒಡೆದುಕೊಂಡರಂತೆ. ಎರಡು ದಿನ ಕಳೆದು ಈಜಿಪ್ಟ್ 2-0 ಗೆದ್ದಿತು, ಎರಡನೇ ಗೋಲ್ ಬಿದ್ದದ್ದು ಕೊಟ್ಟ ಹೆಚ್ಚುವರಿ ನಿಮಿಷಗಳಲ್ಲಿ. ಗುಂಪಿನಲ್ಲಿ ಎರಡೂ ತಂಡ ಸಮ ಆದವು, ಇನ್ನೊಂದು ಪಂದ್ಯ ಸುಡಾನ್‌ನ ಒಮ್ದುರ್ಮಾನ್‌ನಲ್ಲಿ. ಅಷ್ಟರಲ್ಲಿ ಕೈರೋದಲ್ಲಿ ನಮ್ಮವರು ಸತ್ತಿದ್ದಾರೆ ಅನ್ನುವ ಸುಳ್ಳು ಸುದ್ದಿ ಅಲ್ಜೀರ್ಸ್‌ನಲ್ಲಿ ಹಬ್ಬಿತ್ತು. ಅಲ್ಲಿ ಈಜಿಪ್ಟ್ ವಿಮಾನ ಕಂಪನಿಯ ಕಚೇರಿಗೆ, ಈಜಿಪ್ಟ್ ಮಾಲೀಕರ ಮೊಬೈಲ್ ಕಂಪನಿ ಜೆಜಿಯ ಅಂಗಡಿಗಳಿಗೆ ಜನ ನುಗ್ಗಿದರು. ಸಿಮ್ ಕಾರ್ಡ್ ಮಾರುವವನಿಗೂ ಆಫ್‌ಸೈಡ್‌ಗೂ ಏನು ಸಂಬಂಧ ಹೇಳಿ.

ಒಮ್ದುರ್ಮಾನ್‌ನಲ್ಲಿ ಅಂತರ್ ಯಾಹಿಯಾ ಹೊಡೆದ ಒಂದು ಗೋಲಿನಿಂದ ಅಲ್ಜೀರಿಯಾ ವಿಶ್ವಕಪ್‌ಗೆ ಹೋಯಿತು. ಈಜಿಪ್ಟ್ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಅಧ್ಯಕ್ಷ ಮುಬಾರಕ್ ಅವರ ಮಗ ಅಲಾ ಟಿವಿ ಕಾರ್ಯಕ್ರಮಕ್ಕೆ ಫೋನ್ ಮಾಡಿ ಕೂಗಾಡಿದರು. ಕೈರೋದ ಅಲ್ಜೀರಿಯಾ ರಾಯಭಾರ ಕಚೇರಿ ಮುಂದೆ ಗುಂಪು ಸೇರಿತು. ಬೇರೆ ದಿನ ಬೀದಿಯಲ್ಲಿ ಸಣ್ಣ ಗುಂಪು ಸೇರಿದರೂ ಲಾಠಿ ಎತ್ತುತ್ತಿದ್ದ ಸರ್ಕಾರ ಅದು. ಹೊರಗಿನವರ ಮೇಲೆ ಕೂಗುವ ಜನ ಒಳಗಿನವರ ಮೇಲೆ ಕೂಗೋದಿಲ್ಲ, ಕೂಗಲಿ ಬಿಡಿ ಅನ್ನೋದು ಹಳೇ ಲೆಕ್ಕ. ಆ ಲೆಕ್ಕವೂ ಜಾಸ್ತಿ ದಿನ ನಡೆಯಲಿಲ್ಲ. 2011ರ ಫೆಬ್ರವರಿಯಲ್ಲಿ ಮುಬಾರಕ್ ಇಳಿದರು. ಅವರನ್ನು ಇಳಿಸಿದ ಬೀದಿ ಹೋರಾಟದಲ್ಲಿ ಕೈರೋದ ಫುಟ್‌ಬಾಲ್ ಅಭಿಮಾನಿ ಗುಂಪುಗಳೂ ಮುಂದಿದ್ದವು.

ರಾಷ್ಟ್ರಗೀತೆಗೆ ಕೂಗುವ ವಿಷಯವನ್ನು ಬೇಗ ಮುಗಿಸುತ್ತೇನೆ. 2004ರ ಏಷ್ಯನ್ ಕಪ್‌ನಲ್ಲಿ ಜಪಾನ್ ತನ್ನ ಗುಂಪಿನ ಪಂದ್ಯಗಳನ್ನು ಆಡಿದ್ದು ಚೀನಾದ ಚೊಂಗ್‌ಚಿಂಗ್‌ನಲ್ಲಿ. ಯುದ್ಧ ಕಾಲದಲ್ಲಿ ಜಪಾನ್ ವರ್ಷಗಟ್ಟಲೆ ಬಾಂಬ್ ಹಾಕಿದ ಊರು ಅದು. ಜಪಾನಿನ ರಾಷ್ಟ್ರಗೀತೆ ಶುರುವಾದರೆ ಸಾಕು, ಇಡೀ ಗ್ಯಾಲರಿ ಕೂಗುತ್ತಿತ್ತು. ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು ಥರ. 2015ರಲ್ಲಿ ಅಲ್ಲಿನ ಅಭಿಮಾನಿಗಳು ತಮ್ಮದೇ ತಂಡಕ್ಕೆ ನುಡಿಸುವ ಚೀನಾದ ಗೀತೆಗೆ ಕೂಗಿದರು. ಫಿಫಾ ದಂಡ ಹಾಕಿದ ಮೇಲೆ ಕೂಗೋದರ ಬದಲು 'ಬೂ' ಅಂತ ಬರೆದ ಕಾಗದ ಎತ್ತಿ ಹಿಡಿದರು. ಕಾಗದಕ್ಕೆ ಸದ್ದಿಲ್ಲ ಅಲ್ವಾ, ದಂಡ ಹೇಗೆ ಹಾಕುತ್ತೀರಿ? 2020ರಲ್ಲಿ ಅದಕ್ಕೆ ಕಾನೂನೇ ಬಂತು, ರಾಷ್ಟ್ರಗೀತೆಗೆ ಅವಮಾನ ಮಾಡಿದರೆ ಮೂರು ವರ್ಷದ ತನಕ ಜೈಲು.

ಹಾಗಾದರೆ ಆಡಿಸುವವರು ಏನು ಮಾಡುತ್ತಾರೆ? ಬಹುಪಾಲು, ಭೇಟಿಯೇ ಆಗದಂತೆ ನೋಡಿಕೊಳ್ಳುತ್ತಾರೆ. ಯುಇಎಫ್‌ಎ ಚೀಟಿ ಎತ್ತುವಾಗ ಕೆಲವು ಜೋಡಿಗಳು ಒಂದೇ ಗುಂಪಿಗೆ ಬೀಳಬಾರದು ಅನ್ನುವ ಪಟ್ಟಿ ಇರುತ್ತದೆ. ಸ್ಪೇನ್-ಜಿಬ್ರಾಲ್ಟರ್, ಸರ್ಬಿಯಾ-ಕೊಸೊವೊ, ಉಕ್ರೇನ್-ಬೆಲಾರೂಸ್. ವರ್ಷಗಟ್ಟಲೆ ಅರ್ಮೇನಿಯಾ-ಅಜರ್‌ಬೈಜಾನ್ ಕೂಡ ಅದರಲ್ಲಿತ್ತು. ಯೂರೋ 2008ಕ್ಕೆ ಅವೆರಡೂ ಒಂದೇ ಗುಂಪಿಗೆ ಬಿದ್ದಾಗ ಆ ಎರಡೂ ಪಂದ್ಯ ರದ್ದಾದವು, ಯಾರಿಗೂ ಅಂಕ ಇಲ್ಲ. ಕೆಲವು ಜೋಡಿಗಳಿಗೆ ಇದು ಬೇಕು ಅಂತ ನಾನೂ ಒಪ್ಪುತ್ತೇನೆ. ಬಾಂಬ್ ಬೀಳುತ್ತಿರುವಾಗ ಕೈ ಕುಲುಕಿ ಅನ್ನೋದು ಕ್ರೌರ್ಯ.

ಆದರೆ 1998ರ ಲಿಯಾನ್ ನೋಡಿ. ಇರಾನ್ ಮತ್ತು ಅಮೆರಿಕ, ವಿಶ್ವಕಪ್. ನಿಯಮದ ಪ್ರಕಾರ ಕೈ ಕುಲುಕಲು ಇರಾನ್ ಆಟಗಾರರು ಅಮೆರಿಕದವರ ಕಡೆ ನಡೆದು ಹೋಗಬೇಕು. ಹೋಗಬಾರದು ಅಂತ ಟೆಹರಾನ್‌ನಿಂದ ಆಜ್ಞೆ. ಇಷ್ಟು ಸಣ್ಣ ವಿಷಯಕ್ಕೆ ಮಾತುಕತೆ ನಡೆದು, ಕೊನೆಗೆ ಅಮೆರಿಕದವರೇ ನಡೆದು ಬರೋದು ಅಂತಾಯಿತು. ಇರಾನಿನವರ ಕೈಯಲ್ಲಿ ಬಿಳಿ ಗುಲಾಬಿ. ಎರಡೂ ತಂಡ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡವು. ಗ್ಯಾಲರಿಯಲ್ಲಿ ಎರಡೂ ಕಡೆಯವರಿದ್ದರು, ಇರಾನ್ ಸರ್ಕಾರದ ವಿರೋಧಿಗಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಇರಾನ್ 2-1 ಗೆದ್ದಿತು. ಯಾರೂ ಕುರ್ಚಿ ಎತ್ತಲಿಲ್ಲ.

ಈಗ ಇದರ ಪೂರ್ತಿ ಉಲ್ಟಾ. 2019ರ ಅಕ್ಟೋಬರ್ 15, ಪ್ಯೊಂಗ್ಯಾಂಗ್‌ನ ಕಿಮ್ ಇಲ್ ಸುಂಗ್ ಸ್ಟೇಡಿಯಂ. ಉತ್ತರ ಮತ್ತು ದಕ್ಷಿಣ ಕೊರಿಯಾ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯ. ದಕ್ಷಿಣದ ಅಭಿಮಾನಿಗಳಿಗೆ ಪ್ರವೇಶ ಇಲ್ಲ, ಪತ್ರಕರ್ತರಿಗೆ ಇಲ್ಲ, ನೇರ ಪ್ರಸಾರ ಇಲ್ಲ. ಅಲ್ಲಿಗೆ ಹೋಗಿ ನೋಡಿದರೆ ಉತ್ತರದ ಜನರೂ ಇಲ್ಲ. ಇಡೀ ಸ್ಟೇಡಿಯಂ ಖಾಲಿ. ಫಿಫಾ ಅಧ್ಯಕ್ಷ ಇನ್ಫಾಂಟಿನೊ ಬಂದು ಆ ಖಾಲಿ ಕುರ್ಚಿಗಳ ಮಧ್ಯೆ ಕೂತರು. ಸಿಯೋಲ್‌ನಲ್ಲಿ ಕಾಯುತ್ತಿದ್ದವರಿಗೆ ಸ್ಕೋರ್ ಗೊತ್ತಾಗುತ್ತಿದ್ದದ್ದು ಮೈದಾನದಲ್ಲಿದ್ದ ಅಧಿಕಾರಿಗಳು ಹೊರಗೆ ಕಳಿಸುತ್ತಿದ್ದ ತುಂಡು ಸಂದೇಶಗಳಿಂದ. ಕೊನೆಗೆ 0-0.

ಬೈಗುಳ ಇಲ್ಲ, ಬಾವುಟ ಇಲ್ಲ, ಡ್ರೋನ್ ಇಲ್ಲ. ಗ್ಯಾಲರಿಯೇ ಸಮಸ್ಯೆ ಅನ್ನೋದಾದರೆ ಇದಕ್ಕಿಂತ ಸುರಕ್ಷಿತ ಪಂದ್ಯ ಇರಲಾರದು ಅಲ್ವಾ? ಸ್ವೀಡನ್ನಿನ ರಾಯಭಾರಿ ಅಲ್ಲಿದ್ದರು, ಅವರು ಒಂದು ಪುಟ್ಟ ವಿಡಿಯೋ ಹಾಕಿದರು. ಅದರಲ್ಲಿ ಕಂಡದ್ದು ಎರಡೂ ಕಡೆಯ ಆಟಗಾರರು ಗುಂಪುಗೂಡಿ ತಳ್ಳಾಡುತ್ತಿರೋದು. ವಾಪಸ್ ಬಂದ ದಕ್ಷಿಣ ಕೊರಿಯಾದ ನಾಯಕ ಸನ್ ಹ್ಯುಂಗ್-ಮಿನ್ ಹೇಳಿದ್ದು, ಆಟ ತುಂಬಾ ಒರಟಾಗಿತ್ತು, ಯಾರಿಗೂ ಗಾಯ ಆಗದೆ ಬಂದದ್ದೇ ದೊಡ್ಡದು ಅಂತ.