ನಾಲ್ಕು ತೂಕದ ಮಷಿನ್, ಒಂದೇ ಕಂಪ್ಯೂಟರ್

(ಶಿವಮೊಗ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಸರ್ವಿಸ್ ಕೆಲಸ ಮಾಡುವವರ ಮುಂದೆ ಆಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ದೊಡ್ಡ ಅಡಿಕೆ ಮಂಡಿ ಯಾವುದಾದರೂ ನೋಡಿ. ಅಡಿಕೆಯ ಬಗೆಗಳಾದ ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಇನ್ನೊಂದು ಕಡೆ ತೂಕಕ್ಕೆ ಬೀಳುತ್ತಿರುತ್ತದೆ. ತೂಕದ ಮಷಿನ್ ಮೂರೋ ನಾಲ್ಕೋ ಇರುತ್ತವೆ, ಬಿಲ್ ಮಾಡುವ ಕಂಪ್ಯೂಟರ್ ಒಂದೇ. ಹಳ್ಳಿಯ ಹಾಲಿನ ಡೈರಿಯಲ್ಲೂ ಹೀಗೇ. ತೂಕದ ಮಷಿನ್, ಫ್ಯಾಟ್ ನೋಡುವ ಮಷಿನ್, ಹಾಲು ಹಾಕುವವರಿಗೆ ಕಾಣುವ ಡಿಸ್‌ಪ್ಲೇ, ಚೀಟಿ ಕೊಡುವ ಪ್ರಿಂಟರ್. ಇವುಗಳಲ್ಲಿ ಹೆಚ್ಚಿನವುಗಳ ಬೆನ್ನಿಗೆ ಇವತ್ತಿಗೂ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಕಂಪ್ಯೂಟರಿನ ಹಿಂದೆ ಅದು ಒಂದಿದ್ದರೆ ಪುಣ್ಯ. ಈಗಿನ ಲ್ಯಾಪ್‌ಟಾಪಿನಲ್ಲಂತೂ ಇಲ್ಲವೇ ಇಲ್ಲ.

ಪೋರ್ಟ್ ಜಾಸ್ತಿ ಮಾಡುವುದು ಸುಲಭ, ದುಡ್ಡು ಕೊಟ್ಟರೆ ಸಿಗುತ್ತದೆ. ಬಂದ ಅಂಕಿ ಯಾವ ಮಷಿನ್ನಿನದು, ಯಾರ ಮಾಲಿನದು ಅನ್ನುವುದು ತಪ್ಪದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಅಡಿಕೆಗೆ ಕೆಜಿಗೆ ನೂರಾರು ರೂಪಾಯಿ. ಒಬ್ಬರ ಚೀಲದ ತೂಕ ಇನ್ನೊಬ್ಬರ ಲೆಕ್ಕಕ್ಕೆ ಹೋಗಿ ಕೂತರೆ ಒಂದು ಮನೆಯವರ ವರ್ಷದ ದುಡಿಮೆಯಲ್ಲೇ ಅಷ್ಟು ಕಡಿಮೆಯಾಗುತ್ತದೆ. ಈ ಮಾತು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಈ ಸೀರಿಯಲ್ ಪೋರ್ಟ್ ಪಾಲಿಸುವ ಆರ್‌ಎಸ್-232 ಮಾನದಂಡ ಬಂದಿದ್ದು 1960ರಲ್ಲಿ. ಈ ತುದಿಯಲ್ಲಿ ಟರ್ಮಿನಲ್, ಆ ತುದಿಯಲ್ಲಿ ಮೋಡೆಮ್, ನಡುವೆ ಒಂದು ಕೇಬಲ್. ಮೂರನೆಯವರಿಗೆ ಅದರಲ್ಲಿ ಜಾಗ ಇಟ್ಟಿಲ್ಲ. ಕಂಪ್ಯೂಟರಿನ ಒಂಬತ್ತು ಪಿನ್ನಿನಲ್ಲಿ 2 ಕೇಳುವ ಪಿನ್, 3 ಹೇಳುವ ಪಿನ್, 5 ಗ್ರೌಂಡ್. ಪೋರ್ಟ್ ತೆರೆದಿಟ್ಟು, ಮಲ್ಟಿಮೀಟರಿನ ಕಪ್ಪು ಕಡ್ಡಿ 5ಕ್ಕೆ, ಕೆಂಪು ಕಡ್ಡಿ 3ಕ್ಕೆ ಹಿಡಿಯಿರಿ. ಏನೂ ಕಳಿಸದೆ ಸುಮ್ನೆ ಇರುವಾಗಲೂ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಆಸುಪಾಸಿನಲ್ಲಿ ತೋರಿಸುತ್ತದೆ. ಸುಮ್ಮನಿರುವ ಪೋರ್ಟ್ ಕೂಡ ತಂತಿಯನ್ನು ಮೈನಸ್ ಕಡೆ ಎಳೆದು ಹಿಡಿದಿರುತ್ತದೆ ಅಂತಾಯಿತು. ಸೊನ್ನೆ ಕಳಿಸುವಾಗ ಅದು ಪ್ಲಸ್‌ಗೆ ಹೋಗುತ್ತದೆ. ಪ್ಲಸ್ 3ಕ್ಕಿಂತ ಮೇಲಿದ್ದರೆ ಸೊನ್ನೆ, ಮೈನಸ್ 3ಕ್ಕಿಂತ ಕೆಳಗಿದ್ದರೆ ಒಂದು. ನಡುವೆ ಬಿದ್ದದ್ದನ್ನು ನಂಬುವ ಹಾಗಿಲ್ಲ.

ಈಗ ಎರಡು ತೂಕದ ಮಷಿನ್ನುಗಳ ಹೇಳುವ ತಂತಿಗಳನ್ನು ತಿರುಚಿ ಒಂದೇ ಪೋರ್ಟಿಗೆ ಕೊಟ್ಟರೆ ಏನಾಗುತ್ತದೆ? ಮೊದಲನೆಯದು ಪ್ಲಸ್ ಕಡೆ ಎಳೆಯುತ್ತದೆ. ಸುಮ್ಮನಿರುವ ಎರಡನೆಯದು ಮೈನಸ್ ಕಡೆ ಹಿಡಿದುಕೊಂಡಿರುತ್ತದೆ. ವೋಲ್ಟೇಜ್ ನಡುವೆ ಎಲ್ಲೋ ನಿಂತು, ಪರದೆ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಎರಡು ಕನೆಕ್ಟರ್ ಇರುವ ವೈ ಕೇಬಲ್ ತಂದು ಕೂರಿಸಿದರೂ ಅಷ್ಟೇ. ಒಬ್ಬರು ಹೇಳಿ ಇಬ್ಬರು ಕೇಳುವುದಾದರೆ, ಉದಾಹರಣೆಗೆ ಒಂದೇ ಮಷಿನ್ನಿನ ತೂಕ ಡಿಸ್‌ಪ್ಲೇಗೂ ಕಂಪ್ಯೂಟರಿಗೂ ಹೋಗಬೇಕಾದರೆ, ಕೇಬಲ್ ಉದ್ದವಿಲ್ಲದಿದ್ದಾಗ ಸಾಮಾನ್ಯವಾಗಿ ನಡೆಯುತ್ತದೆ. ಇಬ್ಬರು ಹೇಳಿ ಒಬ್ಬರು ಕೇಳುವುದು ನಡೆಯುವುದಿಲ್ಲ.

ಹಾಗಾಗಿ ಆರ್‌ಎಸ್-232 ಮಷಿನ್ ಎಷ್ಟಿದೆಯೋ ಅಷ್ಟು ಪೋರ್ಟ್ ಬೇಕೇ ಬೇಕು. ಡೆಸ್ಕ್‌ಟಾಪ್ ಇದ್ದರೆ ನಾಲ್ಕು ಅಥವಾ ಎಂಟು ಪೋರ್ಟಿನ ಕಾರ್ಡ್ ಒಳಗೆ ಹಾಕಬಹುದು. ನನ್ನ ಮಟ್ಟಿಗೆ ಒಂದೇ ಕೋಣೆಯೊಳಗಿನ ಕೆಲಸಕ್ಕೆ ಇದೇ ಒಳ್ಳೆಯದು. ಯಾರೂ ಕಿತ್ತು ಇನ್ನೊಂದು ಕಡೆ ಚುಚ್ಚಲು ಆಗುವುದಿಲ್ಲ, ಪೋರ್ಟಿನ ನಂಬರ್ ಕದಲುವುದಿಲ್ಲ. ಮಷಿನ್‌ಗಳು ದೂರ ದೂರದ ಶೆಡ್‌ಗಳಲ್ಲಿದ್ದರೆ ಸೀರಿಯಲ್ ಡಿವೈಸ್ ಸರ್ವರ್ ಅಂತ ಒಂದು ಡಬ್ಬಿ ಬರುತ್ತದೆ. ಅದರ ಒಂದು ಬದಿಗೆ ಸೀರಿಯಲ್, ಇನ್ನೊಂದು ಬದಿಗೆ ನೆಟ್‌ವರ್ಕ್ ಕೇಬಲ್. ಕಂಪ್ಯೂಟರಿನಿಂದ ಐಪಿ ವಿಳಾಸ ಹಾಕಿ ಮಾತಾಡುವುದು.

ಆದರೆ ಎಲ್ಲರೂ ಕೊಳ್ಳುವುದು ಯುಎಸ್‌ಬಿ ಸಾಕೆಟ್ಟನ್ನು ಸೀರಿಯಲ್ ಪೋರ್ಟ್ ಮಾಡಿಕೊಡುವ ಯುಎಸ್‌ಬಿ ಕನ್ವರ್ಟರ್ ಅಲ್ವಾ? ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಹಬ್ ಹಾಕಿ ಎಷ್ಟು ಬೇಕಾದರೂ ಸೇರಿಸಬಹುದು. ಯುಎಸ್‌ಬಿ ಲೆಕ್ಕದಲ್ಲಿ ಹಬ್‌ಗಳೂ ಸೇರಿ 127 ಡಿವೈಸ್‌ವರೆಗೆ ವಿಳಾಸ ಇದೆ. ತೊಂದರೆ ಬರುವುದು ಹೆಸರಿನಲ್ಲಿ. ಲಿನಕ್ಸ್‌ನಲ್ಲಿ ಮೊದಲು ಸಿಕ್ಕಿದ ಕನ್ವರ್ಟರಿಗೆ ಟಿಟಿವೈಯುಎಸ್‌ಬಿ 0, ಆಮೇಲೆ ಸಿಕ್ಕಿದ್ದಕ್ಕೆ ಟಿಟಿವೈಯುಎಸ್‌ಬಿ 1 ಅಂತ ಹೆಸರು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ನಿಮಗೆ ಗೊತ್ತೇ ಇದೆ. ಕಂಪ್ಯೂಟರ್ ಮತ್ತೆ ಎದ್ದಾಗ ಆ ಸಾಲು ಅದಲು ಬದಲಾಗಬಹುದು. ಬೆಟ್ಟೆಯ ತೂಕ ರಾಶಿಯ ಕಾಲಮ್ಮಿಗೆ ಬಂದು ಕೂರುತ್ತದೆ. ಎರರ್ ಬರುವುದಿಲ್ಲ, ಬೀಪ್ ಆಗುವುದಿಲ್ಲ, ಬಿಲ್ ಪ್ರಿಂಟ್ ಆಗುತ್ತಲೇ ಇರುತ್ತದೆ. ನನಗೆ ಕೆಟ್ಟುಹೋದ ಮಷಿನ್ನಿಗಿಂತ ಇದರ ಭಯ ಜಾಸ್ತಿ.

ಇದಕ್ಕೆ ದಾರಿ ಇದೆ. ಒಳ್ಳೆಯ ಕನ್ವರ್ಟರ್ ಚಿಪ್‌ನಲ್ಲಿ ಅದರದೇ ಸೀರಿಯಲ್ ನಂಬರ್ ಬರೆದಿರುತ್ತದೆ. ಎಫ್‌ಟಿಡಿಐ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಸಿಎಚ್340 ಹಾಕಿದ ಅಗ್ಗದ ಕನ್ವರ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ನಂಬರ್ ಇದ್ದರೆ ಲಿನಕ್ಸ್‌ನ ಬೈ-ಐಡಿ ಫೋಲ್ಡರಿನಲ್ಲಿ ಕದಲದ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಬೈ-ಪಾತ್ ಬಳಸಿ, ಆಗ ಹೆಸರು ಯುಎಸ್‌ಬಿ ಸಾಕೆಟ್ಟಿಗೆ ಅಂಟಿಕೊಳ್ಳುತ್ತದೆ. ವಿಂಡೋಸ್‌ನಲ್ಲೂ ನಂಬರ್ ಇಲ್ಲದ ಕನ್ವರ್ಟರನ್ನು ಬೇರೆ ಸಾಕೆಟ್ಟಿಗೆ ಹಾಕಿದರೆ ಬೇರೆ ಕಾಮ್ ಪೋರ್ಟ್ ಆಗಿಬಿಡುತ್ತದೆ. ಹಾಗಾಗಿ ಪ್ರತಿ ಕೇಬಲ್ಲಿನ ಎರಡೂ ತುದಿಗೆ, ಸಾಕೆಟ್ಟಿನ ಪಕ್ಕಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸಿ. ಇಷ್ಟು ಮಾಡದೆ ಯಾರೂ ಜಾಗ ಬಿಟ್ಟು ಏಳಬೇಡಿ.

ಇನ್ನು ಮಷಿನ್ ಹೇಳುವುದೇನು ಅಂತ ನೋಡೋಣ. ಕೆಲವು ತೂಕದ ಮಷಿನ್ ಕೇಳದೆಯೂ ಹೇಳುತ್ತಲೇ ಇರುತ್ತವೆ, ಕೆಲವು ಪ್ರಿಂಟ್ ಬಟನ್ ಒತ್ತಿದಾಗ, ಕೆಲವು ಕಂಪ್ಯೂಟರ್ ಕೇಳಿದಾಗ. ಹಲವು ಮಷಿನ್ ಕಳಿಸುವ ಸಾಲು ಎಸ್‌ಟಿ ಅಥವಾ ಯುಎಸ್ ಅನ್ನುವ ಎರಡು ಅಕ್ಷರದಿಂದ ಶುರುವಾಗುತ್ತದೆ. ಎಸ್‌ಟಿ ಅಂದರೆ ತೂಕ ನಿಂತಿದೆ, ಯುಎಸ್ ಅಂದರೆ ಇನ್ನೂ ಅಲುಗಾಡುತ್ತಿದೆ. ಹಮಾಲರು ಚೀಲ ಇಳಿಸಿ ಕೈ ಬಿಡುವ ಮೊದಲೇ ಬಂದ ಅಂಕಿಯನ್ನು ಬಿಲ್ಲಿಗೆ ತೆಗೆದುಕೊಳ್ಳಬಾರದು. ಬರೀ ಅಂಕಿ ಆರಿಸಿಕೊಂಡು ಈ ಎರಡು ಅಕ್ಷರ ಬಿಸಾಡುವ ಪ್ರೋಗ್ರಾಂ ಬರೆಯಬೇಡಿ.

ಎಂಟು ಮಷಿನ್ ಒಟ್ಟಿಗೆ ಹೇಳಿದರೆ ಕಂಪ್ಯೂಟರಿಗೆ ಭಾರ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಲೆಕ್ಕ ಹಾಕಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ಎಂಟು ಪೋರ್ಟ್ ತುಂಬಿ ಹರಿದರೂ 7680. ಇವತ್ತಿನ ಯಾವ ಕಂಪ್ಯೂಟರಿಗೂ ಇದು ಲೆಕ್ಕಕ್ಕೇ ಇಲ್ಲ. ಕೈಕೊಡುವುದು ಪ್ರೋಗ್ರಾಂ. ಒಂದು ಪೋರ್ಟಿನ ಉತ್ತರಕ್ಕೆ ಕಾಯುತ್ತಾ ಉಳಿದವನ್ನು ಮರೆತರೆ, ಆ ಸಾಲುಗಳು ಬಫರಿನಲ್ಲಿ, ಅಂದರೆ ಬಂದದ್ದು ಕಾಯುವ ಜಾಗದಲ್ಲಿ, ಹಳತಾಗುತ್ತಾ ಕೂರುತ್ತವೆ. ಮುಂದಿನ ಚೀಲಕ್ಕೆ ಹಿಂದಿನ ಚೀಲದ ತೂಕ ಸಿಗುತ್ತದೆ. ಪ್ರತಿ ಪೋರ್ಟಿಗೂ ಬೇರೆ ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಎಳೆ, ಕೊಡಿ. ಸಾಲು ಬಂದ ಕ್ಷಣವೇ ಸಮಯ ಬರೆಯಿರಿ. ಡೈರಿಯಲ್ಲಿ ಇದು ಇನ್ನೂ ಮುಖ್ಯ. ತೂಕ ತಕ್ಷಣ ಬರುತ್ತದೆ, ಫ್ಯಾಟ್ ಬರಲು ಅರ್ಧ ಮುಕ್ಕಾಲು ನಿಮಿಷ ಬೇಕಾಗಬಹುದು. ಅಷ್ಟರಲ್ಲಿ ಮುಂದಿನವರು ಕ್ಯಾನ್ ಇಟ್ಟಿರುತ್ತಾರೆ. ಸದಸ್ಯರ ನಂಬರನ್ನು ಸ್ಯಾಂಪಲ್ಲಿನ ಜೊತೆಯಲ್ಲೇ ಕಟ್ಟಿಡಬೇಕು. ತೆರೆದಿರುವ ಸ್ಕ್ರೀನಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಫ್ಯಾಟ್ ಹಾಕಬಾರದು.

ಮಷಿನ್‌ಗಳು ಜಾಸ್ತಿ ಇದ್ದು ದೂರವೂ ಇದ್ದರೆ ಆರ್‌ಎಸ್-485 ಅನ್ನುವ ಇನ್ನೊಂದು ಸೀರಿಯಲ್ ಮಾನದಂಡದ ಕಡೆ ಹೋಗಿ. ಇದು 1983ರದು. ಒಂದೇ ಜೋಡಿ ತಂತಿಯಲ್ಲಿ 32 ಡಿವೈಸ್, ವೇಗ ಕಡಿಮೆ ಇಟ್ಟರೆ 1200 ಮೀಟರ್ ದೂರ. ಹಾಜರಿ ಕರೆಯುವ ಮೇಷ್ಟ್ರ ಹಾಗೆ ಕಂಪ್ಯೂಟರ್ ನಂಬರ್ ಕೂಗುತ್ತದೆ, ಆ ನಂಬರಿನವರು ಮಾತ್ರ ಉತ್ತರ ಕೊಡುತ್ತಾರೆ. ಇದರ ಮೇಲೆ ಹೆಚ್ಚು ಬಳಕೆಯಲ್ಲಿರುವ ಭಾಷೆ ಮಾಡ್‌ಬಸ್, 1979ರಲ್ಲಿ ಬಂದದ್ದು. ಅದರಲ್ಲಿ ವಿಳಾಸ 1ರಿಂದ 247ರವರೆಗೆ. ಒಂದು ಡಿವೈಸ್ ಸತ್ತಿದ್ದರೆ ಪ್ರತಿ ಸುತ್ತಿನಲ್ಲೂ ಅದರ ಉತ್ತರಕ್ಕೆ ಒಂದು ಸೆಕೆಂಡ್ ಕಾಯುವುದರಿಂದ ಎಲ್ಲರೂ ನಿಧಾನವಾಗುತ್ತಾರೆ. ಉತ್ತರ ಕೊಡದವರನ್ನು ಪಕ್ಕಕ್ಕಿಟ್ಟು ನಿಮಿಷಕ್ಕೊಮ್ಮೆ ಮಾತ್ರ ಕೇಳಿ.

ವೈರಿಂಗ್ ಮಾಡುವಾಗ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಎಳೆಯಬೇಕು. ಮನೆ ವೈರಿಂಗಿನ ಅಭ್ಯಾಸದಲ್ಲಿ ನಡುವಿನ ಡಬ್ಬಿಯಿಂದ ನಾಲ್ಕು ಕಡೆಗೆ ಕವಲು ಬಿಡಬೇಡಿ. ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್. ಎಲ್ಲ ಆಫ್ ಮಾಡಿ ಎರಡು ತಂತಿಯ ನಡುವೆ ಅಳೆಯಿರಿ. 60 ಓಮ್ ಹತ್ತಿರ ಬಂದರೆ ಸರಿ. 120 ಬಂದರೆ ಒಂದು ತುದಿಯದು ಇಲ್ಲ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಎ, ಬಿ ಅನ್ನುವ ಗುರುತನ್ನು ಎಲ್ಲ ಕಂಪನಿಯವರೂ ಒಂದೇ ರೀತಿ ಹಾಕುವುದಿಲ್ಲ. ಉತ್ತರ ಬರದಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ, ಅದರಿಂದ ಏನೂ ಸುಡುವುದಿಲ್ಲ.

ಸುಡುವುದು ಸಿಡಿಲಿಗೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಮಲೆನಾಡಿನಲ್ಲಿ ಹೇಗಿರುತ್ತದೆ ಅಂತ ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆಯಿಂದ ತೋಟದ ಪಂಪ್‌ಹೌಸ್‌ಗೆ ತಾಮ್ರದ ತಂತಿ ಎಳೆದರೆ ಎರಡು ಕಡೆಯ ಭೂಮಿಯ ವೋಲ್ಟೇಜ್ ಒಂದೇ ಇರುವುದಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಆ ವ್ಯತ್ಯಾಸ ಸಾವಿರಾರು ವೋಲ್ಟ್ ಆಗುತ್ತದೆ. ಆರ್‌ಎಸ್-485 ಚಿಪ್ ತಡೆಯಬೇಕೆಂದು ಮಾನದಂಡ ಹೇಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ಮಾತ್ರ. ಕಟ್ಟಡದೊಳಗೆ ಐಸೊಲೇಟೆಡ್ ಕನ್ವರ್ಟರ್, ಅಂದರೆ ಎರಡು ಬದಿಯ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು, ಹಾಕಿ, ಕೆಲವು ನೂರು ರೂಪಾಯಿ ಉಳಿಸಲು ಹೋಗಬೇಡಿ. ಕಟ್ಟಡದಿಂದ ಕಟ್ಟಡಕ್ಕೆ ಆದರೆ ತಾಮ್ರವೇ ಬೇಡ, ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಬಲಕ್ಕೆ ಉಕ್ಕಿನ ತಂತಿ ಸೇರಿಸಿದ ಫೈಬರ್ ಕೇಬಲ್ ಬೇಡ, ಅದಿಲ್ಲದ್ದನ್ನೇ ಕೇಳಿ ತನ್ನಿ.

ಇಲ್ಲಿ ಮೇಜಿನ ಮೇಲೆ ಕನ್ವರ್ಟರ್‌ಗಳಿವೆ. ಒಂದೊಂದು ತೆಗೆದುಕೊಳ್ಳಿ. 2 ಮತ್ತು 3ನೇ ಪಿನ್ ನಡುವೆ ಸಣ್ಣ ತಂತಿ ಹಾಕಿ, ಟರ್ಮಿನಲ್ ಪ್ರೋಗ್ರಾಂ ತೆರೆದು, ಫ್ಲೋ ಕಂಟ್ರೋಲ್ ಆಫ್ ಮಾಡಿ, ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದೇ ವಾಪಸ್ ಬಂದರೆ ನಿಮ್ಮ ಕಡೆಯ ಪೋರ್ಟ್, ಡ್ರೈವರ್ ಎರಡೂ ಸರಿ. ಆಮೇಲೆ ತೂಕದ ಮಷಿನ್ ಸೇರಿಸೋಣ.