ಮೇಜಿನ ಮೇಲೊಂದು ಪ್ಲಟೂನ್: ಹೊಸ ನಿಯಮಾವಳಿಯನ್ನು ಆಡಿ ನೋಡುವ ಬಗೆ

ಕೇಳುಗರಿಗೆ ನಮಸ್ಕಾರ.

ಸೈನಿಕ ಗೊಂಬೆ, ಅಳತೆ ಟೇಪು, ದಾಳಗಳನ್ನಿಟ್ಟುಕೊಂಡು ಮೇಜಿನ ಮೇಲೆ ಆಡುವ ಯುದ್ಧದಾಟಗಳಲ್ಲಿ ಪ್ಲಟೂನ್ (ಮೂವತ್ತು ಚಿಲ್ಲರೆ ಸೈನಿಕರ ಪಡೆ) ಮಟ್ಟದ ಕಾಳಗಕ್ಕೆ ಈಗ ಹಲವು ನಿಯಮಾವಳಿಗಳಿವೆ. ಹೊಸದೊಂದು ಕೈಗೆ ಬಂದಾಗ ಹೆಚ್ಚಿನವರು ಮೊದಲು ತೆರೆಯುವುದು ಆಯುಧಗಳ ಪಟ್ಟಿಯನ್ನು. ಯಾವ ಮೆಷಿನ್‌ಗನ್ನಿಗೆ ಎಷ್ಟು ದಾಳ, ಯಾವ ಟ್ಯಾಂಕಿನ ಕವಚ ಎಷ್ಟು ದಪ್ಪ ಎಂದು ಹುಡುಕುತ್ತಾರೆ. ಆದರೆ ನಿಯಮಾವಳಿಯ ಗುಣ ತಿಳಿಯುವುದು ಅಲ್ಲಲ್ಲ. ಅಪ್ಪಣೆ ಯಾರಿಗೆ ಯಾವಾಗ ತಲುಪುತ್ತದೆ, ಗುಂಡಿನ ಮಳೆಯಲ್ಲಿ ಸಿಕ್ಕಿಕೊಂಡವರು ಅದನ್ನು ಪಾಲಿಸುವ ಸ್ಥಿತಿಯಲ್ಲಿ ಇರುತ್ತಾರೆಯೇ, ಈ ಎರಡರಲ್ಲಿ ತಿಳಿಯುತ್ತದೆ. ಆಡಿ ನೋಡುವಾಗ ಮೊದಲ ಪಂದ್ಯವನ್ನು ಇವೆರಡೂ ಎದ್ದು ಕಾಣುವಂತೆ ಜೋಡಿಸಬೇಕು.

ಹಾಗಾಗಿ ಸೈನ್ಯ ಸಣ್ಣದಿರಲಿ. ಎರಡನೇ ಮಹಾಯುದ್ಧದ ಬ್ರಿಟಿಷ್ ರೈಫಲ್ ಪ್ಲಟೂನ್ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ತಲಾ 10 ಜನರ 3 ಸೆಕ್ಷನ್, ಪ್ರತಿ ಸೆಕ್ಷನ್ನಿಗೆ ಬ್ರೆನ್ ಎಂಬ ಒಂದು ಹಗುರ ಮೆಷಿನ್‌ಗನ್, ಮೇಲೆ ಒಬ್ಬ ಅಧಿಕಾರಿ, ಒಬ್ಬ ಸಾರ್ಜೆಂಟ್. ಆ ಪ್ಲಟೂನಿನ ಜೊತೆ ಬರುವ 2 ಇಂಚಿನ ಮಾರ್ಟರ್, ಟ್ಯಾಂಕ್ ಹೊಡೆಯುವ ಪಿಯಾಟ್, ಎರಡನ್ನೂ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಬಿಡಿ. ಎರಡೂ ಕಡೆಗೆ ಇದೇ ಪ್ಲಟೂನ್ ಕೊಡಿ. ಇತಿಹಾಸಕ್ಕೆ ಹೊಂದುವುದಿಲ್ಲ, ನಿಜ. ಆದರೆ ಸೋಲು-ಗೆಲುವು ಆಯುಧದ ವ್ಯತ್ಯಾಸದಿಂದ ಬಂತೋ ಆಡಿದ ರೀತಿಯಿಂದ ಬಂತೋ ಎಂಬ ಗೊಂದಲ ಇದರಿಂದ ತಪ್ಪುತ್ತದೆ.

ಮೇಜು ಸಾಮಾನ್ಯವಾಗಿ 6 ಅಡಿ ಉದ್ದ, 4 ಅಡಿ ಅಗಲ. ಇಲ್ಲಿ ಒಂದು ಲೆಕ್ಕ ಗಮನಿಸಬೇಕು. 28 ಮಿಲಿಮೀಟರ್ ಗೊಂಬೆಗಳನ್ನು ಸುಮಾರು 56ರಲ್ಲಿ ಒಂದು ಪಾಲಿನ ಅಳತೆ ಎಂದು ಹಿಡಿದರೆ, ನೆಲದ ಮೇಲಿನ 300 ಮೀಟರ್ ಮೇಜಿನ ಮೇಲೆ ಸುಮಾರು 5.4 ಮೀಟರ್ ಆಗುತ್ತದೆ, ಅಂದರೆ ನಮ್ಮ ಮೇಜಿನ ಮೂರು ಪಟ್ಟು. ಹೀಗಾಗಿ ದೂರವನ್ನು ಎಲ್ಲಿ ಹೇಗೆ ಕುಗ್ಗಿಸಬೇಕೆಂದು ನಿಯಮ ಬರೆದವರು ತೀರ್ಮಾನಿಸಲೇಬೇಕು. ಬೋಲ್ಟ್ ಆಕ್ಷನ್ ಎಂಬ ನಿಯಮಾವಳಿಯಲ್ಲಿ ರೈಫಲ್ 24 ಇಂಚು ಮುಟ್ಟುತ್ತದೆ. ಚೈನ್ ಆಫ್ ಕಮಾಂಡ್ ಎಂಬ ಇನ್ನೊಂದರಲ್ಲಿ ಕಣ್ಣಿಗೆ ಕಂಡಷ್ಟು ದೂರ, ಎಂದರೆ ಇಡೀ ಮೇಜಿಗೆ, ಮುಟ್ಟುತ್ತದೆ. ಎರಡನೆಯ ಬಗೆಯ ನಿಯಮವನ್ನು ಬಯಲು ಮೇಜಿನ ಮೇಲೆ ಆಡಿದರೆ ಯಾರೂ ಅಲುಗಾಡುವ ಹಾಗಿಲ್ಲ, ಆಟ ಅರ್ಧ ಗಂಟೆಯಲ್ಲಿ ಸತ್ತುಹೋಗುತ್ತದೆ. ತಪ್ಪು ನಿಯಮದ್ದಲ್ಲ, ಮೇಜಿನದು. ಗೊಂಬೆಗಳನ್ನಿಡುವ ಮೊದಲು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಅಂಚಿನಿಂದ ಇನ್ನೊಂದಕ್ಕೆ ನೋಡಿ. ಅಡೆತಡೆಯಿಲ್ಲದೆ ನೋಟ ಹರಿಯುವ ಕಡೆಯೆಲ್ಲ ಒಂದು ಮನೆ, ತೋಪು ಅಥವಾ ದಿಣ್ಣೆ ಬೇಕು.

ಬೇಲಿ, ಗೋಡೆ, ಪೊದೆ ಒಂದೊಂದನ್ನೂ ತೋರಿಸಿ ಎದುರಾಳಿಯೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಇದರ ಹಿಂದಿದ್ದವರು ಕಾಣುತ್ತಾರೆಯೇ? ಗುಂಡಿನಿಂದ ಎಷ್ಟು ರಕ್ಷಣೆ? ದಾಟಲು ಎಷ್ಟು ಇಂಚು ಕಳೆಯಬೇಕು? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಪಕ್ಕದಲ್ಲಿಡಿ. ಮೊದಲ ಆಟದ ಜಗಳಗಳಲ್ಲಿ ಹೆಚ್ಚಿನವು ಬೇಲಿಯ ಬಗ್ಗೆಯೇ ಹುಟ್ಟುತ್ತವೆ.

ಇನ್ನು ಅಪ್ಪಣೆಯ ವಿಚಾರ. ಬೋಲ್ಟ್ ಆಕ್ಷನ್‌ನಲ್ಲಿ ಪ್ರತಿ ತುಕಡಿಗೊಂದು ದಾಳ ಚೀಲದೊಳಗಿರುತ್ತದೆ. ಯಾರ ಬಣ್ಣದ ದಾಳ ಕೈಗೆ ಬರುತ್ತದೋ ಅವರು ತಮ್ಮ ಒಂದು ತುಕಡಿಗೆ ಕೆಲಸ ಹೇಳುತ್ತಾರೆ. ಚೈನ್ ಆಫ್ ಕಮಾಂಡ್‌ನಲ್ಲಿ ಸಾಧಾರಣ ತರಬೇತಿಯ ಪ್ಲಟೂನ್ 5 ದಾಳ ಉರುಳಿಸುತ್ತದೆ. 1 ಬಿದ್ದರೆ ಸೆಕ್ಷನ್ನಿನೊಳಗಿನ ಸಣ್ಣ ತಂಡವೊಂದು, 2 ಬಿದ್ದರೆ ಇಡೀ ಸೆಕ್ಷನ್, 3ಕ್ಕೆ ಸೆಕ್ಷನ್ ನಾಯಕ, 4ಕ್ಕೆ ಪ್ಲಟೂನಿನ ಹಿರಿಯ ನಾಯಕ ಕೆಲಸ ಮಾಡಬಹುದು. 5 ಮುಂದಿನ ಉಪಯೋಗಕ್ಕೆ ಕೂಡಿಡುವ ಅಂಕ. ಎರಡು 6 ಬಿದ್ದರೆ ಸರದಿ ಮತ್ತೆ ನಿಮ್ಮದೇ. ಐದು ದಾಳದಲ್ಲಿ ಎರಡಾದರೂ 6 ಬೀಳುವುದು ಸರಿಸುಮಾರು ಐದಕ್ಕೊಂದು ಸಲ. ಇದು ತಿಳಿದಿದ್ದರೆ ಎದುರಾಳಿಗೆ ಸತತ ಎರಡು ಸರದಿ ಸಿಕ್ಕಾಗ ನಿಯಮವೇ ಕೆಟ್ಟದ್ದೆಂದು ಅನ್ನಿಸುವುದಿಲ್ಲ. ಬಯಲಿನ ಮಧ್ಯೆ ಸೆಕ್ಷನ್ ನಿಲ್ಲಿಸುವ ಮೊದಲು ಆ ಐದರಲ್ಲೊಂದನ್ನು ನೆನೆಯುವುದೂ ಅಭ್ಯಾಸವಾಗುತ್ತದೆ.

ಗುಂಡಿನ ಫಲವನ್ನೂ ಹೀಗೆಯೇ ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದು ನಿಯಮದಲ್ಲಿ 5 ಅಥವಾ 6 ಬಿದ್ದರೆ ಗುರಿ ತಾಗುತ್ತದೆ. ತಾಗಿದ ದಾಳಗಳನ್ನು ಮತ್ತೆ ಉರುಳಿಸಿದಾಗ 6 ಬಿದ್ದರೆ ಸಾವು, 4 ಅಥವಾ 5 ಬಿದ್ದರೆ ಒತ್ತಡದ ಬಿಲ್ಲೆ (ಗುಂಡಿಗೆ ಬೆದರಿ ತಡವರಿಸುವುದರ ಗುರುತು) ಎಂದಿಟ್ಟುಕೊಳ್ಳಿ. 12 ದಾಳ ಹೊಡೆದರೆ ಸರಾಸರಿ 4 ತಾಗುತ್ತವೆ. ಆದರೂ ಅರ್ಧದಷ್ಟು ಸಲ ಒಬ್ಬನೂ ಸಾಯುವುದಿಲ್ಲ. ಒಂದಾದರೂ ಒತ್ತಡದ ಬಿಲ್ಲೆ ಬೀಳುವುದು ನೂರಕ್ಕೆ 75ಕ್ಕೂ ಹೆಚ್ಚು ಸಲ. ಇಂಥ ನಿಯಮದಲ್ಲಿ ಗುಂಡು ಕೊಲ್ಲುವುದಕ್ಕಿಂತ ಹೆಚ್ಚಾಗಿ ಎದುರಾಳಿಯನ್ನು ಕಟ್ಟಿಹಾಕುತ್ತದೆ, ಪ್ಲಟೂನ್ ಕಾಳಗದಲ್ಲಿ ಇರಬೇಕಾದದ್ದೂ ಹಾಗೆಯೇ. ಬ್ರೆನ್ ಎದುರಾಳಿಯ ತಲೆ ತಗ್ಗಿಸುತ್ತಿರುವಾಗ ರೈಫಲ್ ತಂಡ ಪಕ್ಕದಿಂದ ಸಾಗುವುದೇ ಆಟದ ಜೀವಾಳ. ಬರೀ ಸಾವನ್ನೇ ಎಣಿಸುವ ನಿಯಮದಲ್ಲಿ ಈ ನಡೆಗೆ ಬೆಲೆಯಿಲ್ಲ.

ಕಟ್ಟಿಹಾಕುವ ಜೋರು ಎಷ್ಟೆಂದೂ ನೋಡಿ. ಬೋಲ್ಟ್ ಆಕ್ಷನ್‌ನಲ್ಲಿ ಸಾಧಾರಣ ಸೈನಿಕರ ಸ್ಥೈರ್ಯ 9. ಒತ್ತಡದ ಪ್ರತಿ ಗುರುತಿಗೂ ಒಂದು ಕಳೆಯುತ್ತದೆ. ಉಳಿದ ಸಂಖ್ಯೆ ಅಥವಾ ಅದಕ್ಕಿಂತ ಕಡಿಮೆ ಎರಡು ದಾಳದಲ್ಲಿ ಬೀಳಬೇಕು. ಒಂದು ಗುರುತಿದ್ದಾಗ ನೂರಕ್ಕೆ 72 ಸಲ ಅಪ್ಪಣೆ ನಡೆಯುತ್ತದೆ, ಮೂರು ಗುರುತಿದ್ದರೆ 42ಕ್ಕೆ ಇಳಿಯುತ್ತದೆ. ಹತ್ತಿರದ ನಾಯಕನಿಂದ 2 ಅಂಕ ಸೇರಿತು ಎನ್ನಿ, ಮತ್ತೆ 72. ನಾಯಕ ಎಲ್ಲಿ ನಿಂತಿರಬೇಕೆಂಬ ಪ್ರಶ್ನೆಗೆ ಉತ್ತರ ಈ ಅಂಕಿಯಲ್ಲೇ ಇದೆ.

ಆಡುವಾಗ ಕೆಡುವುದು ಸಣ್ಣಪುಟ್ಟ ಸಂಗತಿಗಳಿಂದ. ಒತ್ತಡ ಗುರುತಿಸಲು ದಾಳ ಇಡಬೇಡಿ. ಯಾರೋ ಅದನ್ನೇ ಎತ್ತಿ ಉರುಳಿಸುತ್ತಾರೆ, ಲೆಕ್ಕ ಹೋಯಿತು. ಬಣ್ಣದ ಬಿಲ್ಲೆ ಇಡಿ. ದೂರ ಅಳೆಯುವುದು ಗೊಂಬೆಯ ಪೀಠದ ಅಂಚಿನಿಂದಲೋ ನಡುವಿನಿಂದಲೋ, ಬೆಸಸಂಖ್ಯೆಯ ದಾಳಗಳನ್ನು ಅರ್ಧ ಮಾಡಿದಾಗ ಮೇಲಕ್ಕೋ ಕೆಳಕ್ಕೋ, ಇವನ್ನು ಪುಸ್ತಕದಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲದ ನಿಯಮ ಎದುರಾದರೆ ಪುಟ ತಿರುವುತ್ತಾ ಕೂರಬೇಡಿ. ಒಂದು ದಾಳ ಹಾಕಿ ತೀರ್ಮಾನಿಸಿ, ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿ ಮುಂದೆ ಹೋಗಿ. ಆಟ ಮುಗಿದ ಮೇಲೆ ಆ ಪಟ್ಟಿ ಹಿಡಿದು ಪುಸ್ತಕ ಓದಿದರೆ ಅರ್ಧಕ್ಕರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗುರಿಯಿಲ್ಲದ ಪಂದ್ಯ ಆಡಬೇಡಿ. ಎರಡೂ ಕಡೆಯವರು ಬೇಲಿಯ ಹಿಂದೆ ಕುಳಿತು ಗುಂಡು ಹಾರಿಸುತ್ತಲೇ ಇರುತ್ತಾರೆ. ಮೇಜಿನ ನಡುವೆ ಒಂದು ಅಡ್ಡರಸ್ತೆ, ಎಂಟು ಸುತ್ತಿನೊಳಗೆ ಹಿಡಿದವರಿಗೆ ಗೆಲುವು ಎಂದರೆ ಸಾಕು, ಬೇಲಿ ಬಿಟ್ಟು ಮುಂದೆ ಸಾಗಲೇಬೇಕಾಗುತ್ತದೆ.

ಎರಡನೇ ಪಂದ್ಯ ಅದೇ ಮೇಜು, ಅದೇ ಸೈನ್ಯ, ಬದಿ ಮಾತ್ರ ಅದಲುಬದಲು. ಇದನ್ನು ಬಿಟ್ಟುಬಿಡುವ ಆಸೆ ಬರುತ್ತದೆ, ಬಿಡಬಾರದು. ಎರಡೂ ಸಲ ಒಂದೇ ಬದಿ ಗೆದ್ದರೆ ಮೊದಲು ಅನುಮಾನಿಸಬೇಕಾದ್ದು ಮೇಜನ್ನು. ಮಾರ್ಟರ್ ಹೊರಬರುವುದು ಮೂರನೇ ಪಂದ್ಯಕ್ಕೆ, ಅದೂ ಒಂದೇ. ಟ್ಯಾಂಕ್ ಅದಕ್ಕೂ ಆಮೇಲೆ, ಏಕೆಂದರೆ ಕವಚ ಭೇದಿಸುವ ನಿಯಮ ಬೇರೆಯೇ ಒಂದು ಅಧ್ಯಾಯ, ಕಾಲಾಳುಗಳ ಆಟ ಕೈಗೆ ಬರುವ ಮೊದಲು ಅದು ಇಡೀ ಸಂಜೆಯನ್ನು ನುಂಗುತ್ತದೆ. ನಿಯಮವೊಂದು ಸರಿಬರಲಿಲ್ಲ, ತಿದ್ದೋಣ ಅನ್ನಿಸಿದರೆ ಈ ಮೂರು ಪಂದ್ಯ ಮುಗಿಯುವವರೆಗೆ ತಡೆಯಿರಿ. ಆಮೇಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಹೇಳಲಾಗುವುದಿಲ್ಲ. ನಮಸ್ಕಾರ.