ಶ್ರೀಶೈಲ ಪಾದಯಾತ್ರೆ: ಮನೆಯ ದುಡ್ಡು ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಯುಗಾದಿ ಹತ್ತಿರ ಬಂತು ಅಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ರಸ್ತೆಗಳ ತುಂಬ ಜನ. ಹೆಗಲ ಮೇಲೆ ದೇವರ ಕಂಬಿ, ಬೆನ್ನಿಗೆ ಗಂಟು, ಬಾಯಲ್ಲಿ ಶ್ರೀಶೈಲದ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ ಹೆಸರು. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಹೋಗಬೇಡಿ ಅಂತ ಯಾರಿಗೆ ಹೇಳೋಕೆ ಆಗುತ್ತೆ? ನಾನಂತೂ ಹೇಳುವುದಿಲ್ಲ. ಹೋಗಿ, ಖಂಡಿತ ಹೋಗಿ. ಆದರೆ ಸಾಲ ಮಾಡಿ ಹೋಗಬೇಡಿ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಹಳ್ಳಿ ಹಳ್ಳಿ ತಿರುಗಿ ಉಳಿತಾಯದ ಮಾತು ಹೇಳುತ್ತಿರುವವನು ನಾನು, ಇವತ್ತು ನಿಮಗೆ ಹೇಳಬೇಕಾಗಿರುವುದೂ ಒಂದೇ ಮಾತು. ಮನೆಯ ದುಡ್ಡು ಮೊದಲು.

"ಪಾದಯಾತ್ರೆಗೆ ಏನು ಖರ್ಚು ಸರ್, ದಾರಿಯುದ್ದಕ್ಕೂ ದಾಸೋಹ ಇರುತ್ತಲ್ಲ" ಅಂತಾರೆ. ನಿಜ. ಊರೂರಿಗೆ ಪೆಂಡಾಲು ಹಾಕಿರ್ತಾರೆ. ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ. ಕಾಲು ಒತ್ತುವವರೂ ಇರ್ತಾರೆ. ಅಷ್ಟು ಪ್ರೀತಿಯಿಂದ ಬಡಿಸುವ ಜನ ಬೇರೆ ಎಲ್ಲೂ ಸಿಗಲಿಕ್ಕಿಲ್ಲ. ಆದರೆ ದಾಸೋಹ ನಡೆಯುವವರಿಗೆ. ಮನೆಯಲ್ಲಿ ಕೂತ ಅತ್ತೆಗೆ, ಶಾಲೆಗೆ ಹೋಗುವ ಮಕ್ಕಳಿಗೆ ಯಾರು ಬಡಿಸಬೇಕು?

ಲೆಕ್ಕ ಹಾಕೋಣ, ಒಂದು ಚೀಟಿ ಪೆನ್ನು ಇದ್ದರೆ ತಗೊಳ್ಳಿ. ಬಾಗಲಕೋಟೆಯಿಂದ ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು ದಾಟಿ ಶ್ರೀಶೈಲ, ಹೆಚ್ಚುಕಡಿಮೆ 400 ಕಿಲೋಮೀಟರ್. ದಿನಕ್ಕೆ 25, 30 ಕಿಲೋಮೀಟರ್ ನಡೆದರೆ ಹದಿನೈದು ದಿನ. ದರ್ಶನಕ್ಕೆ, ವಾಪಸ್ ಬರೋಕೆ, ಬಂದ ಮೇಲೆ ಕಾಲು ನೋವಿಗೆ ಅಂತ ಮೂರು ದಿನ. ಒಟ್ಟು 18 ದಿನ. ಅಷ್ಟು ದಿನವೂ ಕೂಲಿ ಇಲ್ಲ. ನಮ್ಮ ರಾಜ್ಯದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಹಿಡಿದರೂ 18 ದಿನಕ್ಕೆ 6,660 ರೂಪಾಯಿ ಆಯ್ತು. ಗಂಡ ಹೆಂಡತಿ ಇಬ್ಬರೂ ಹೋದರೆ 13,320. ಪಾದಯಾತ್ರೆಯ ದೊಡ್ಡ ಖರ್ಚು ಇದೇ. ಇದು ಜೇಬಿನಿಂದ ಹೋಗುವ ದುಡ್ಡಲ್ಲ, ಜೇಬಿಗೆ ಬರದೇ ಇರುವ ದುಡ್ಡು. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಸ್ ಸ್ಟ್ಯಾಂಡಿನ ಪಕ್ಕ ಮಿರ್ಚಿ ಭಜಿ ಕರಿಯುವ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ಗಂಡ ಮಾರ್ಕೆಟ್‌ನಲ್ಲಿ ಹಮಾಲಿ. ಒಂದು ವರ್ಷ ಗೆಳೆಯರು ಕರೆದರು ಅಂತ ಅವರು ಉಟ್ಟ ಬಟ್ಟೆಯಲ್ಲೇ ಶ್ರೀಶೈಲಕ್ಕೆ ಹೊರಟುಬಿಟ್ಟರು. ಹೋದ ಮರುವಾರ ಮಗುವಿಗೆ ಜ್ವರ. ಅಕ್ಕ ಆಸ್ಪತ್ರೆಗೆ ಓಡಾಡಬೇಕು, ಭಜಿ ಬಂಡಿ ನಿಂತಿತು, ಎರಡೂ ಕಡೆಯ ಗಳಿಕೆ ಒಟ್ಟಿಗೇ ನಿಂತಿತು. 10,000 ರೂಪಾಯಿ ಕೈಗಡ ತಂದರು, ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ. ಅಂದರೆ ತಿಂಗಳಿಗೆ 500. ವರ್ಷಕ್ಕೆ 6,000 ಬಡ್ಡಿಯೇ ಹೋಯ್ತು, ಅಸಲು ಹಾಗೇ ಕೂತಿತ್ತು. ಗಂಡ ಮಲ್ಲಯ್ಯನ ದರ್ಶನ ಮಾಡಿ ಖುಷಿಯಿಂದ ಬಂದರೆ, ಬಾಗಿಲಲ್ಲಿ ಬಡ್ಡಿಯವನು ನಿಂತಿದ್ದ.

ಮುಂದೆ ಒಂದು ವರ್ಷ ಅಕ್ಕನೇ ತಾವೂ ಹೋಗ್ತೀನಿ ಅಂದರು. ಗಂಡನಿಗೆ ಅವರು ಹೇಳಿದ ಮಾತನ್ನು ನಾನು ಹೋದಲ್ಲೆಲ್ಲ ಹೇಳ್ತೀನಿ: "ದಾರ್ಯಾಗ ಮಲ್ಲಯ್ಯ ಊಟಾ ಹಾಕ್ತಾನ. ಮನ್ಯಾಗ ಯಾರ ಹಾಕ್ತಾರ?"

ಅಕ್ಕ ಮಾಡಿದ್ದು ಇಷ್ಟೇ. ಪಿಗ್ಮಿ ಹಚ್ಚಿದರು. ಪಿಗ್ಮಿ ನಮಗೆ ಹೊಸದಲ್ಲ, 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಕಟ್ಟಿಸಿಕೊಳ್ಳುತ್ತಿದ್ದರು. ಈ ಅಕ್ಕ ಕಟ್ಟಿದ್ದು ದಿನಕ್ಕೆ 30 ರೂಪಾಯಿ. ಸಂಜೆ ಎಣ್ಣೆ ಕಾದು ಗಿರಾಕಿ ಮುತ್ತಿಕೊಂಡಿರುವ ಹೊತ್ತಿಗೇ ಪಿಗ್ಮಿಯವನು ಬರೋದು. ಕೈಯೆಲ್ಲ ಕಡಲೆಹಿಟ್ಟು. ಎರಡು ಬೆರಳಲ್ಲಿ ನೋಟು ಹಿಡಿದು ಕೊಟ್ಟು, "ಮೊದಲ ಬರೀರಿ, ಆಮ್ಯಾಲ ಭಜಿ" ಅಂತಿದ್ದರು. ಪುಸ್ತಕದಲ್ಲಿ ಬರೆಯುವ ತನಕ ಅವನಿಗೆ ಭಜಿ ಇಲ್ಲ! ವ್ಯಾಪಾರ ಇಲ್ಲದ ದಿನ ಬಿಟ್ಟು 300 ದಿನ ಕಟ್ಟಿದರು ಅಂತ ಇಟ್ಟುಕೊಳ್ಳಿ, 9,000 ರೂಪಾಯಿ ಆಯ್ತು. ಮೇಲೆ ಸ್ವಲ್ಪ ಬಡ್ಡಿ.

ದುಡ್ಡು ಕೈಗೆ ಬಂದ ದಿನ ಅಕ್ಕ ಅತ್ತೆಯ ಸಂಚಿ ಇಸಕೊಂಡರು. ಎಲೆ ಅಡಿಕೆ ಇಡುವ ಬಟ್ಟೆಯ ಸಂಚಿ, ಅದರಲ್ಲಿ ಖಾನೆ ಖಾನೆ ಇರುತ್ತಲ್ಲ. ಒಂದು ಖಾನೆ ಮನೆಗೆ, ಒಂದು ಕಾಲಿಗೆ, ಒಂದು ವಾಪಸ್ ಬರೋಕೆ, ಸುಣ್ಣದ ಡಬ್ಬಿ ಇಡುವ ಚಿಕ್ಕ ಖಾನೆ ದೇವರಿಗೆ. ಮನೆಯ ಖಾನೆಯ ದುಡ್ಡನ್ನು ಎಣಿಸಿ ಅತ್ತೆಯ ಕೈಗೇ ಕೊಟ್ಟು, ಖಾಲಿ ಖಾನೆ ಹೊತ್ತುಕೊಂಡು ಹೊರಟರು. ಗಂಡ ಆ ವರ್ಷ ಮನೆಯಲ್ಲೇ ಉಳಿದು ಹಮಾಲಿ ಮಾಡಿದರು, ಒಬ್ಬರ ಗಳಿಕೆ ನಿಲ್ಲಲಿಲ್ಲ. ಸರದಿ ಪ್ರಕಾರ ಹೋಗೋದು ಎಷ್ಟು ಒಳ್ಳೆಯದು ನೋಡಿ! ಹಳೇ ಸಾಲ ಪೂರ್ತಿ ತೀರಿದ ಮೇಲೇ ಈ ಯಾತ್ರೆ ಅನ್ನೋದನ್ನೂ ಸೇರಿಸಿ ಹೇಳಬೇಕು.

ಆ ಅಕ್ಕನ ಮಾತೇ ಜಾಸ್ತಿ ಆಯ್ತು, ಉಳಿದದ್ದನ್ನು ಬೇಗ ಹೇಳ್ತೀನಿ.

ಕಾಲಿನ ಖಾನೆ. ಹೊಸ ಚಪ್ಪಲಿ, ಹೊಸ ಬೂಟು ತಗೊಂಡು ಹೊರಡಬೇಡಿ. ಕಾಲಿಗೆ ಒಗ್ಗಿದ ಹಳೆಯದೇ ಇರಲಿ, ಉಂಗುಷ್ಠ ಹೊಲಿಸಿಕೊಳ್ಳಿ. ಹತ್ತಿ, ಪಟ್ಟಿ, ಮುಲಾಮು, ಓಆರ್‌ಎಸ್ ಪೊಟ್ಟಣ. ಓಆರ್‌ಎಸ್ ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡ್ತಾರೆ, ಕೇಳಿ. ಇದಕ್ಕೆ 500 ರೂಪಾಯಿ ಸಾಕು. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬೇಡಿ. ಹರಕೆ ಅಂತಾರೆ, ಗೊತ್ತು. ಆದರೂ ಬೇಡ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಆದ ಗುಳ್ಳೆ ಅವರಿಗೆ ಬೇಗ ಮಾಯುವುದಿಲ್ಲ, ಒಂದು ಬೆರಳಿನ ಗಾಯಕ್ಕೆ ಇಡೀ ವರ್ಷದ ಉಳಿತಾಯ ಆಸ್ಪತ್ರೆಗೆ ಹೋಗುತ್ತದೆ.

ಕಾಡಿನಲ್ಲಿ ಹೆಜ್ಜೆ ಹೆಜ್ಜೆಗೂ ದಾಸೋಹ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಮನೆಯಿಂದಲೇ ಒಯ್ದರೆ ಕೆಡುವುದಿಲ್ಲ, ದುಡ್ಡೂ ಉಳೀತು. ಸಾಮಾನಿನ ಗಾಡಿಗೆ ವಂತಿಗೆ ಎತ್ತುವುದಾದರೆ ಹೊರಡುವ ಮೊದಲೇ ತಲೆಗೆ ಎಷ್ಟು ಅಂತ ಮಾತಾಡಿ ಮುಗಿಸಿ, ದಾರಿಯಲ್ಲಿ ಡೀಸೆಲ್ ಜಗಳ ಬೇಡ.

ವಾಪಸಿನ ಖಾನೆ. ತಾಯಂದಿರೇ, ಇದನ್ನು ಗಮನವಿಟ್ಟು ಕೇಳಿ. ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ನಮ್ಮ ರಾಜ್ಯದ ಒಳಗೆ ಮಾತ್ರ. ಶ್ರೀಶೈಲ ಆಂಧ್ರದಲ್ಲಿದೆ, ಅಲ್ಲಿಂದ ಬರುವ ಬಸ್ಸಿಗೆ ಟಿಕೆಟ್ ತಗೊಳ್ಳಲೇಬೇಕು. ಆಧಾರ್ ಕಾರ್ಡ್ ತೋರಿಸಿ ಕಂಡಕ್ಟರ್ ಜೊತೆ ವಾದ ಮಾಡಿ ಏನೂ ಪ್ರಯೋಜನವಿಲ್ಲ. ಹೊರಡುವ ಮೊದಲೇ ಡಿಪೋದಲ್ಲಿ ಟಿಕೆಟ್ ದರ ಕೇಳಿ, ಅಷ್ಟನ್ನೂ ಬೇರೆ ಕಟ್ಟಿಡಿ. ಮೇಲೆ ಒಂದು ಇನ್ನೂರು ಇರಲಿ. ದರ್ಶನ ಆಗುವ ತನಕ ಅದನ್ನು ಬಿಚ್ಚಬೇಡಿ. ಜಾತ್ರೆಯಲ್ಲಿ ಬಳೆ, ಆಟಿಕೆ ಸಾಮಾನು ನೋಡಿದಾಗ ಕೈ ಮೊದಲು ಹೋಗುವುದೇ ಈ ದುಡ್ಡಿಗೆ.

ಪಿಗ್ಮಿ ಹಚ್ಚುವಾಗ ಎರಡು ಮಾತು ಕೇಳಿ. ಎಷ್ಟು ತಿಂಗಳ ಅವಧಿ? ನಡುವೆ ಮುರಿದರೆ ಎಷ್ಟು ಹಿಡೀತೀರಿ? ದುಡ್ಡು ಕೊಟ್ಟ ಕೂಡಲೇ ಪುಸ್ತಕದಲ್ಲಿ ಬರೆಸಿ ಇಲ್ಲವೇ ರಸೀದಿ ತಗೊಳ್ಳಿ, ಪರಿಚಯದವನೇ ಇರಲಿ. ಮುಂದಿನ ಯುಗಾದಿಗೆ ಹೋಗುವ ಮನಸ್ಸಿದ್ದರೆ ಇವತ್ತೇ ಸಂಜೆ 30 ರೂಪಾಯಿಯಿಂದ ಶುರು ಮಾಡಿ. ಅಷ್ಟು ಆಗಲ್ಲ ಅಂದರೆ 20 ಕಟ್ಟಿ, ಒಂದು ವರ್ಷ ಬಿಟ್ಟು ಹೋಗಿ. ಮಲ್ಲಯ್ಯ ಅಲ್ಲೇ ಇರ್ತಾನೆ.

ನಮಸ್ಕಾರ.